ಹಗ್ಗ ಕಟ್ಟಿದ ಡಿಕ್ಕಿ

ಕನ್ನಡದಲ್ಲಿ ಡಿಕ್ಕಿ ಎಂದರೆ ಎರಡು. ಹೊಡೆಯುವ ಡಿಕ್ಕಿ ಒಂದು, ಸಾಮಾನು ತುಂಬುವ ಡಿಕ್ಕಿ ಇನ್ನೊಂದು. ಎರಡನೆಯದು ಇಂಗ್ಲಿಷರ ಕುದುರೆಗಾಡಿಯಿಂದ ಇಳಿದು ಬಂದ ಮಾತು. ಗಾಡಿಯ ಹಿಂಬದಿಯಲ್ಲಿ ಆಳುಕಾಳುಗಳು ಕೂರುವ ಆಸನಕ್ಕೆ ಅವರು ಆ ಹೆಸರಿಟ್ಟಿದ್ದರು. ಮೊದಮೊದಲ ಕಾರುಗಳಲ್ಲಿ ಅದು ಹಿಂದೆ ಮಡಚಿಡುವ ಆಸನವಾಯಿತು. ಆಮೇಲೆ ಆಸನ ಹೋಗಿ ಆ ಜಾಗಕ್ಕೆ ಪೆಟ್ಟಿಗೆ, ಗಂಟುಮೂಟೆ ಬಂದವು. ಹುಟ್ಟಿದ ಊರಿನಲ್ಲಿ ಅದೀಗ ಬೂಟ್ ಆಗಿದೆ, ನಮ್ಮಲ್ಲಿ ಬೆಂಗಳೂರಿನಿಂದ ಕೋಲ್ಕತ್ತದವರೆಗೆ ಇನ್ನೂ ಡಿಕ್ಕಿಯೇ. ಬಂಗಾಳಿಗಳು ಒತ್ತು ತೆಗೆದು ಡಿಕಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹೌರಾ ನಿಲ್ದಾಣದ ಹೊರಗೆ ಸಾಲುಗಟ್ಟಿದ ಹಳದಿ ಅಂಬಾಸಿಡರ್ ಟ್ಯಾಕ್ಸಿಗಳನ್ನು ಕಂಡವರಿಗೆ ಆ ಡಿಕ್ಕಿಯ ಒಂದು ಚಿತ್ರ ಮರೆಯುವಂಥದ್ದಲ್ಲ: ಮುಚ್ಚಳ ಪೂರ್ತಿ ಕೂರದೆ ನಾಲ್ಕು ಬೆರಳು ಬಾಯಿ ಬಿಟ್ಟಿದೆ, ಹಿಡಿಕೆಯ ಕುತ್ತಿಗೆಗೆ ಒಂದು ನಾರಿನ ಹಗ್ಗ, ಹಗ್ಗದ ಇನ್ನೊಂದು ತುದಿ ಬಂಪರಿನ ಕೆಳಗೆ ಗಂಟು ಬಿದ್ದಿದೆ. ಹೊರಗಿನಿಂದ ಬಂದವರು ಅದನ್ನು ಕಾರಿನ ದೈನ್ಯವೆಂದೋ ನಗರದ ದೈನ್ಯವೆಂದೋ ತಿಳಿದು ನಗುವುದುಂಟು. ಆದರೆ ಆ ಸಾಲಿನಲ್ಲಿ ಹಗ್ಗ ಕಟ್ಟದ ಡಿಕ್ಕಿಗಳೇ ಹೆಚ್ಚು ಎಂಬುದನ್ನು ಯಾರೂ ಎಣಿಸುವುದಿಲ್ಲ. ಐವತ್ತು ವರ್ಷಕ್ಕೂ ಮೀರಿ ಆ ಬೀಗ ಕೆಡುತ್ತಲೇ ಇತ್ತು; ಅಷ್ಟೂ ವರ್ಷ ಯಾರೋ ಅದನ್ನು ಸರಿಮಾಡುತ್ತಲೇ ಇದ್ದರು. ಕೋಲ್ಕತ್ತದ ಟ್ಯಾಕ್ಸಿಯ ಕಥೆಯನ್ನು ಕಾರ್ಖಾನೆಯಿಂದ ಶುರುಮಾಡುವುದು ರೂಢಿ. ಬೀಗದಿಂದ ಶುರುಮಾಡಿದರೆ ಕಾರನ್ನು ಉಳಿಸಿದವರು ಬೇರೆಯವರೆಂದು ತೋರುತ್ತದೆ, ನನ್ನ ವಾದ ಇಷ್ಟೇ.

ಹೀಗೆ ಬರೆಯಹೊರಟರೆ ಒಂದು ತೊಡಕಿದೆ. ಕಾರ್ಖಾನೆಗೆ ಲೆಕ್ಕಪುಸ್ತಕವಿದೆ, ವಾರ್ಷಿಕ ವರದಿಯಿದೆ, ಮಂತ್ರಿಗಳು ರಿಬ್ಬನ್ ಕತ್ತರಿಸುವ ಫೋಟೊಗಳಿವೆ. ಪಾದಚಾರಿ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಬೀಗ ಬಿಚ್ಚಿದವನಿಗೆ ಏನೂ ಇಲ್ಲ. ರಸೀದಿ ಹರಿದುಕೊಡುವ ಕಸುಬಲ್ಲ ಅದು. ಹಾಗಾಗಿ ಸಾಕ್ಷ್ಯವನ್ನು ವಸ್ತುವಿನಲ್ಲೇ ಹುಡುಕಬೇಕು, ಮತ್ತು ಹಳೆಯ ಟ್ಯಾಕ್ಸಿಯ ಡಿಕ್ಕಿ ಮುಚ್ಚಳ ಈ ವಿಷಯದಲ್ಲಿ ಕಲ್ಲಿನ ಶಾಸನದಷ್ಟೇ ಮಾತಾಡುತ್ತದೆ. ಹಿಡಿಕೆಯ ಸುತ್ತ ಬಣ್ಣ ಪದರಪದರವಾಗಿ ಎದ್ದಿರುತ್ತದೆ. ಕಾರು ಸಾಕಷ್ಟು ಹಳೆಯದಾಗಿದ್ದರೆ ಹಳದಿಯ ಕೆಳಗೆ ಕಪ್ಪು ಇಣುಕುತ್ತದೆ, ಏಕೆಂದರೆ ನಗರದೊಳಗಿನ ಟ್ಯಾಕ್ಸಿಗಳು ಒಂದು ಕಾಲಕ್ಕೆ ಕಪ್ಪು ಮೈ, ಹಳದಿ ತಲೆಯವು. ಹಿಡಿಕೆಯ ಪಕ್ಕದಲ್ಲಿ ಮುಚ್ಚಿದ ತೂತುಗಳು, ಅಂದರೆ ಹಿಂದೊಮ್ಮೆ ಬೇರೊಂದು ಹಿಡಿಕೆ ಇತ್ತು. ಒಳಗೆ ಒಂದು ಸ್ಕ್ರೂ ಚಪ್ಪಟೆ ತಲೆಯದು, ಇನ್ನೊಂದು ಕೂಡುಗೆರೆಯದು, ಮೂರನೆಯದರ ಜಾಗದಲ್ಲಿ ಮಡಚಿದ ತಂತಿ. ಕೆಳಗಿನ ತಟ್ಟೆಯ ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡಲಾಗಿದೆ. ಒಂದೊಂದು ಗುರುತೂ ಒಂದೊಂದು ರಿಪೇರಿ; ಎಲ್ಲವನ್ನೂ ಸೇರಿಸಿ ಓದಿದರೆ ಆ ಕಾರು ಎಷ್ಟು ಕೈಗಳಲ್ಲಿ ಹಾದು ಬಂತೆಂಬುದು ತಿಳಿಯುತ್ತದೆ.

ಕಾರ್ಖಾನೆಯ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಮುಗಿಸಬಹುದು. ಬಿ.ಎಂ. ಬಿರ್ಲಾ 1942ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಮೋಟಾರ್ಸ್ ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿ, 1948ರಲ್ಲಿ ಹೂಗ್ಲಿ ನದಿಯ ದಂಡೆಯ ಉತ್ತರಪಾರಾಕ್ಕೆ ಬಂತು. ಅಲ್ಲಿನ ರೈಲು ನಿಲ್ದಾಣಕ್ಕೆ ಇಂದಿಗೂ ಹಿಂದ್‌ಮೋಟರ್ ಎಂದೇ ಹೆಸರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಎರಡನೆಯ ಮಾದರಿ ಇಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು. ಮೂರನೆಯ ಮಾದರಿ 1957ರಲ್ಲಿ ಅಂಬಾಸಿಡರ್ ಆಯಿತು. 1962ರಿಂದ ಕಲ್ಕತ್ತದ ಟ್ಯಾಕ್ಸಿಗೆ ಅಂಬಾಸಿಡರೇ ಪ್ರಮಾಣಿತ ಮಾದರಿ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ ಎಂದು ಹೆಸರುಗಳು ಬದಲಾದವು, ಎದುರಿನ ಜಾಲರಿ ಬದಲಾಯಿತು, 1990ರ ದಶಕದಲ್ಲಿ ಜಪಾನಿನ ಇಸುಜು ಎಂಜಿನ್ ಬಂತು. ಹಿಂಬದಿಯ ಗುಂಡು ಬೆನ್ನು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮೂಲ ಮಾರಿಸ್ ಕಾರು ಇಂಗ್ಲೆಂಡಿನಲ್ಲಿ ಕೆಲವೇ ವರ್ಷ ಬಾಳಿ ಹೊಸ ಮಾದರಿಗೆ ದಾರಿ ಬಿಟ್ಟಿತು. ಅದಕ್ಕೆ ಮಾಡಿದ ಡಿಕ್ಕಿ ಬೀಗವನ್ನು ವಿನ್ಯಾಸ ಮಾಡಿದವರು ಅದು ಕೆಲವು ವರ್ಷ, ವಾರಾಂತ್ಯಕ್ಕೊಮ್ಮೆ ತೆರೆದು ಮುಚ್ಚುವ ಗೃಹಸ್ಥರ ಕೈಯಲ್ಲಿರುತ್ತದೆಂದು ಎಣಿಸಿದ್ದರು. ಅದು ಬಂದು ಬಿದ್ದದ್ದು ಸಿಯಾಲ್ದಾ ನಿಲ್ದಾಣದ ಕೂಲಿಗಳ ಕೈಗೆ.

ಬೀಗದ ಅಂಗರಚನೆ ಸರಳ. ಹೊರಗೆ ಕ್ರೋಮಿಯಂ ಲೇಪದ ಹಿಡಿಕೆ. ಅದರ ಹೊಟ್ಟೆಯಲ್ಲಿ ಕೀಲಿ ತೂರುವ ಸಣ್ಣ ಉರುಳೆ. ಉರುಳೆಯೊಳಗೆ ಹಿತ್ತಾಳೆಯ ತೆಳು ಬಿಲ್ಲೆಗಳು, ಒಂದೊಂದರ ಹಿಂದೆ ಕೂದಲಿನಂಥ ಒಂದು ಸ್ಪ್ರಿಂಗು. ಸರಿಯಾದ ಕೀಲಿ ಹಾಕಿದರೆ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಉರುಳೆ ತಿರುಗಲು ಬಿಡುತ್ತವೆ. ಹಿಡಿಕೆ ತಿರುಗಿದರೆ ಅದರ ಹಿಂದಿನ ಚೌಕ ಸರಳು ತಿರುಗುತ್ತದೆ, ಸರಳಿನ ತುದಿಯ ಕೊಕ್ಕೆ ಕೆಳಗಿನ ತಟ್ಟೆಯಿಂದ ಬಿಡಿಸಿಕೊಳ್ಳುತ್ತದೆ. ಇಷ್ಟೇ. ಇದರ ಶತ್ರುಗಳ ಪಟ್ಟಿ ಮಾತ್ರ ಉದ್ದ. ಹಿಡಿಕೆ ಸತುವಿನ ಎರಕದ್ದು, ಸರಳು ಉಕ್ಕಿನದು, ಬಿಲ್ಲೆ ಹಿತ್ತಾಳೆಯದು. ಮೂರು ಲೋಹ ಒದ್ದೆಯಲ್ಲಿ ಒಟ್ಟಿಗೆ ಸಂಸಾರ ಮಾಡಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಕೋಲ್ಕತ್ತದಲ್ಲಿ ಒದ್ದೆಗೆ ಬರವಿಲ್ಲ. ವರ್ಷಕ್ಕೆ 1,600 ಮಿಲಿಮೀಟರ್ ಮೀರಿ ಮಳೆ ಬೀಳುವ, ಬಿದ್ದ ಮಳೆ ಗಂಟೆಗಟ್ಟಲೆ ರಸ್ತೆಯಲ್ಲೇ ನಿಲ್ಲುವ ಊರು ಅದು. ಮಳೆ ಹೋದರೆ ಚಳಿಗಾಲದ ಹೊಗೆ, ಧೂಳು. ಕೀಲಿತೂತು ಆಕಾಶಕ್ಕೆ ಬಾಯಿ ತೆರೆದುಕೊಂಡೇ ಇರುವುದರಿಂದ ಎರಡೂ ಒಳಗೆ ಇಳಿಯುತ್ತವೆ. ಇವೆಲ್ಲದರ ಮೇಲೆ ಮನುಷ್ಯ ಒಬ್ಬ ಶತ್ರು. ಟ್ಯಾಕ್ಸಿಯ ಡಿಕ್ಕಿಯನ್ನು ಯಾರೂ ಮೆಲ್ಲಗೆ ಮುಚ್ಚುವುದಿಲ್ಲ. ಟ್ರಂಕು, ಹಾಸಿಗೆ ಸುರುಳಿ, ಅಕ್ಕಿ ಮೂಟೆ ಎಲ್ಲ ತುರುಕಿದ ಮೇಲೆ ಅಂಗೈಯಿಂದ ಒಂದು ಏಟು; ಕೂರದಿದ್ದರೆ ಎರಡನೆಯದು; ಆಗಲೂ ಕೂರದಿದ್ದರೆ ಅದರ ಮೇಲೆಯೇ ಕೂರುವುದು.

ಇಂಥ ಬೀಗ ಕೆಟ್ಟಾಗ ನೋಡಬೇಕಾದದ್ದು ಮೇಸ್ತ್ರಿ ಮೊದಲು ಏನು ಮಾಡುತ್ತಾನೆ ಎಂಬುದನ್ನು. ಅರಿಯದವನು ಬೀಗ ಬಿಚ್ಚುತ್ತಾನೆ. ಅರಿತವನು ಡಿಕ್ಕಿಯನ್ನು ತೆರೆದಿಟ್ಟು, ಮುಚ್ಚಳ ಗಾಳಿಯಲ್ಲಿರುವಾಗಲೇ ಕೀಲಿ ಹಾಕಿ ತಿರುಗಿಸಿ ನೋಡುತ್ತಾನೆ. ಕೊಕ್ಕೆ ಸಲೀಸಾಗಿ ಆಡಿದರೆ ಬೀಗ ನಿರ್ದೋಷಿ. ತಪ್ಪು ಇರುವುದು ಬೀಗಕ್ಕೂ ತಟ್ಟೆಗೂ ಆಗುವ ಭೇಟಿಯಲ್ಲಿ. ಬಿಜಾಗರಿ ಸವೆದು ಮುಚ್ಚಳ ಒಂದು ಪಕ್ಕಕ್ಕೆ ವಾಲಿರುತ್ತದೆ, ಅಥವಾ ಸುತ್ತಲಿನ ರಬ್ಬರ್ ಬೀಡಿಂಗ್ ಬಿಸಿಲಿಗೆ ಒಣಗಿ ಕಟ್ಟಿಗೆಯಂತಾಗಿ ಮುಚ್ಚಳವನ್ನು ಕೆಳಗಿಳಿಯಗೊಡುವುದಿಲ್ಲ, ಅಥವಾ ಹಿಂದಿನಿಂದ ಯಾವುದೋ ಬಸ್ಸು ಕೊಟ್ಟ ಏಟಿಗೆ (ನಮ್ಮ ಇನ್ನೊಂದು ಡಿಕ್ಕಿ) ತಳದ ತಗಡೇ ಮುಂದೆ ಸರಿದಿರುತ್ತದೆ. ಯಾವುದೆಂದು ತಿಳಿಯಲು ಕೊಕ್ಕೆಗೆ ಒಂದಿಷ್ಟು ಗ್ರೀಸ್ ಸವರಿ ಮುಚ್ಚಳವನ್ನು ಮೆಲ್ಲಗೆ ಇಳಿಸಿ ಎತ್ತುತ್ತಾನೆ. ತಟ್ಟೆಯ ಮೇಲೆ ಮೂಡಿದ ಕಪ್ಪು ಚುಕ್ಕೆ ನಡುವಿನಿಂದ ಎಷ್ಟು ಸರಿದಿದೆಯೋ ಅಷ್ಟೇ ರೋಗ. ಎರಡು ಬೋಲ್ಟ್ ಸಡಿಲಿಸಿ, ತಟ್ಟೆಯನ್ನು ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಜರುಗಿಸಿ, ಬೇಕಾದರೆ ಕೆಳಗೆ ಒಂದು ವಾಷರ್ ಕೊಟ್ಟು ಬಿಗಿದರೆ ಕೆಲಸ ಮುಗಿಯಿತು. ಬೀಗವನ್ನು ಮುಟ್ಟಿಯೇ ಇಲ್ಲ. ಕೀಲಿ ಹೋಗದಿದ್ದರೆ ಒಂದು ಅರ್ಥ, ಹೋಗಿಯೂ ತಿರುಗದಿದ್ದರೆ ಇನ್ನೊಂದು. ತಿರುಗಿಯೂ ಮುಚ್ಚಳ ಏಳದಿದ್ದರೆ ಚೌಕ ಸರಳಿನ ಮೂಲೆಗಳು ಸವೆದು ಗುಂಡಗಾಗಿ ಒಳಗೇ ಸುಮ್ಮನೆ ಸುತ್ತುತ್ತಿವೆ ಎಂದರ್ಥ. ಹಳ್ಳ ಬಂದಾಗ ತಾನೇ ತೆರೆದುಕೊಂಡರೆ ಕೊಕ್ಕೆಯ ಸ್ಪ್ರಿಂಗು ಸೋತಿದೆ. ಲಕ್ಷಣದಿಂದ ಜಾಗಕ್ಕೆ, ಜಾಗದಿಂದ ಕಾರಣಕ್ಕೆ ಹೋಗುವ ಈ ಕ್ರಮಕ್ಕೆ ಆಸ್ಪತ್ರೆಯಲ್ಲಾದರೆ ರೋಗನಿದಾನ ಎನ್ನುತ್ತಾರೆ. ರಸ್ತೆ ಬದಿಯಲ್ಲಾದರೆ ಜುಗಾಡ್ ಎನ್ನುತ್ತಾರೆ. ಈ ಎರಡನೆಯ ಪದ ನನಗೆ ಹಿಡಿಸುವುದಿಲ್ಲ. ಜುಗಾಡ್ ಎಂದರೆ ಕಾರಣ ತಿಳಿಯದೆ ಕೆಲಸ ನಡೆಸುವುದು; ಬಂಪರಿಗೆ ಕಟ್ಟಿದ ಹಗ್ಗ ಜುಗಾಡ್. ಗ್ರೀಸಿನ ಚುಕ್ಕೆ ನೋಡಿ ತಟ್ಟೆ ಜರುಗಿಸುವುದು ಶಾಸ್ತ್ರ.

ಕೀಲಿ ಕಳೆದುಹೋದರಂತೂ ಕೆಲಸ ಇನ್ನೊಬ್ಬನದು. ಕೈಯಲ್ಲಿ ದೊಡ್ಡ ಬಳೆ, ಬಳೆಯ ತುಂಬ ನೂರಾರು ಹಳೆ ಕೀಲಿ, ಅದನ್ನು ಝಣಝಣ ಆಡಿಸುತ್ತ ಗಲ್ಲಿ ತಿರುಗುವ ಚಾಬಿವಾಲಾ ಉತ್ತರ ಭಾರತದ ಊರುಗಳಲ್ಲೆಲ್ಲ ಇದ್ದ, ಕೋಲ್ಕತ್ತದಲ್ಲೂ ಇದ್ದ. ಅವನು ಬೀಗವನ್ನು ಬಿಚ್ಚುವುದಿಲ್ಲ, ಅದರಿಂದಲೇ ಕೀಲಿಯ ಆಕಾರವನ್ನು ಹೇಳಿಸುತ್ತಾನೆ. ಹಲ್ಲಿಲ್ಲದ ಬೋಳು ಕೀಲಿಯನ್ನು ಬತ್ತಿಯ ಉರಿಗೆ ಹಿಡಿದು ಮಸಿ ಕಟ್ಟಿಸುತ್ತಾನೆ. ಬೀಗಕ್ಕೆ ತೂರಿಸಿ ಮೆಲ್ಲಗೆ ಒತ್ತಿ ತಿರುಗಿಸುತ್ತಾನೆ. ಹೊರಗೆ ತೆಗೆದಾಗ ಯಾವ ಬಿಲ್ಲೆ ತಡೆಯುತ್ತಿದೆಯೋ ಅಲ್ಲಿ ಮಸಿ ಉಜ್ಜಿಹೋಗಿ ಲೋಹ ಮಿನುಗುತ್ತದೆ. ಅಷ್ಟು ಜಾಗವನ್ನು ಅರದಿಂದ ಎರಡು ಸಲ ಉಜ್ಜಿ ಮತ್ತೆ ಮಸಿ, ಮತ್ತೆ ತೂರಿಸುವುದು. ಏಳೆಂಟು ಸಲಕ್ಕೆ ಬೀಗ ತಿರುಗುತ್ತದೆ. ಹೆಚ್ಚು ಉಜ್ಜಿದರೆ ಕೀಲಿ ಕೆಟ್ಟಿತು, ಹೊಸದರಿಂದ ಶುರು. ಬೀಗಕ್ಕೆ ಎಣ್ಣೆ ಹಾಕಬಾರದು, ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ, ಪೆನ್ಸಿಲ್ ಸೀಸವನ್ನು ಪುಡಿಮಾಡಿ ಊದಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಇಂದು ಡಬ್ಬಿಯಲ್ಲಿ ಮಾರುವ ಗ್ರಾಫೈಟ್ ಪುಡಿಯೂ ಅದೇ ವಸ್ತು. ಈ ವಿದ್ಯೆ ಕೋಲ್ಕತ್ತದವರೇ ಕಂಡುಹಿಡಿದದ್ದಲ್ಲ, ಜಗತ್ತಿನ ಬೀಗಗಾರರೆಲ್ಲ ಬಲ್ಲದ್ದು. ಕೋಲ್ಕತ್ತದ ವಿಶೇಷ ಬೇರೆ. ಒಂದೇ ಮಾದರಿಯ ಕಾರು, ಒಂದೇ ಬಗೆಯ ಬೀಗ, ಎರಡು ತಲೆಮಾರು. ಒಬ್ಬ ಮೇಸ್ತ್ರಿ ಹುಡುಗನಾಗಿದ್ದಾಗ ಕಲಿತದ್ದು ಮುದುಕನಾದಾಗಲೂ ಹಳತಾಗಲಿಲ್ಲ. ಬೇರೆ ಊರುಗಳಲ್ಲಿ ಮಾದರಿಗಳು ಬದಲಾದಂತೆ ಕೈಯ ಅರಿವು ವ್ಯರ್ಥವಾಗುತ್ತ ಹೋಯಿತು. ಇಲ್ಲಿ ಅದು ಬಡ್ಡಿ ಸೇರಿ ಬೆಳೆಯಿತು.

ಆ ಬಡ್ಡಿ ಕೂಡಿಬಿದ್ದ ಜಾಗ ಮಲ್ಲಿಕ್ ಬಜಾರ್. ಪಾರ್ಕ್ ಸ್ಟ್ರೀಟು ಹಳೆಯ ಲೋವರ್ ಸರ್ಕ್ಯುಲರ್ ರಸ್ತೆಯನ್ನು ಸೇರುವ ಮೂಲೆ. ಈಗ ಆ ರಸ್ತೆಗೆ ಆಚಾರ್ಯ ಜಗದೀಶಚಂದ್ರ ಬೋಸರ ಹೆಸರು. ಒಂದು ಕಡೆ 1767ರಲ್ಲಿ ತೆರೆದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ, ಸರ್ ವಿಲಿಯಂ ಜೋನ್ಸ್ ಮಲಗಿರುವುದು ಅಲ್ಲಿ. ತುಸು ಆಚೆ ಕವಿ ಮೈಕೆಲ್ ಮಧುಸೂದನ ದತ್ತರ ಸಮಾಧಿಯಿರುವ ಇನ್ನೊಂದು ಸ್ಮಶಾನ. ಮನುಷ್ಯರಿಗೆ ಎರಡು, ಕಾರುಗಳಿಗೆ ನಡುವೆ ಒಂದು. ವ್ಯತ್ಯಾಸವೆಂದರೆ ಕಾರುಗಳ ಸ್ಮಶಾನದಿಂದ ಅಂಗಾಂಗಗಳು ಮತ್ತೆ ಎದ್ದು ನಡೆಯುತ್ತವೆ. ನಮ್ಮ ಶಿವಾಜಿನಗರದ ಗುಜರಿ ಸಾಲನ್ನೂ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳನ್ನೂ ಒಂದಕ್ಕೊಂದು ಬೆರೆಸಿದರೆ ಬೆಂಗಳೂರಿನ ಓದುಗರಿಗೆ ಅದರ ಅಂದಾಜು ಸಿಗಬಹುದು. ಕಳಚಿದ ಬಾಗಿಲುಗಳು ಪುಸ್ತಕದಂತೆ ಒರಗಿ ನಿಂತಿರುತ್ತವೆ, ಹಿಡಿಕೆಗಳನ್ನು ತಂತಿಗೆ ಪೋಣಿಸಿ ಮೀನಿನ ಹಾಗೆ ತೂಗುಹಾಕಿರುತ್ತಾರೆ. ಮುಚ್ಚಳದ ಆಕಾರ ಬದಲಾಗದಿದ್ದುದರಿಂದ ಸತ್ತ ಕಾರಿನ ಬೀಗ ಬದುಕಿರುವ ಕಾರಿಗೆ ಸಲ್ಲುತ್ತಿತ್ತು. ಪೂರ್ತಿ ಸಲ್ಲದಿದ್ದರೆ ಒಂದರ ಹಿಡಿಕೆ, ಇನ್ನೊಂದರ ಸರಳು, ಮೂರನೆಯದರ ಕೊಕ್ಕೆ ಸೇರಿ ನಾಲ್ಕನೆಯ ಬೀಗವಾಗುತ್ತಿತ್ತು. ನದಿಯಾಚೆ ಹೌರಾದ ಸಣ್ಣ ಎರಕದ ಮನೆಗಳು, ಲೇತ್ ಶೆಡ್ಡುಗಳು ಒಂದು ಬಿಡಿಭಾಗವನ್ನು ಕಂಡರೆ ಅದರಂತೆಯೇ ಇನ್ನೊಂದನ್ನು ತಿರುಗಿಸಿಕೊಡಬಲ್ಲವು. ಆ ಊರನ್ನು ಪೂರ್ವದ ಶೆಫೀಲ್ಡ್ ಎಂದು ಹೊಗಳಿದ್ದು ಸುಮ್ಮನೆ ಅಲ್ಲ. ನಾವು ಆಯುಧಪೂಜೆಗೆ ಸ್ಪ್ಯಾನರು, ಸುತ್ತಿಗೆಗೆ ಕುಂಕುಮ ಇಡುವಂತೆ ಇವರೆಲ್ಲ ಸೆಪ್ಟೆಂಬರ್ 17ರ ಆಸುಪಾಸಿನ ವಿಶ್ವಕರ್ಮ ಪೂಜೆಗೆ ಇಡುತ್ತಾರೆ. ಸೌರಮಾನದ ಹಬ್ಬವಾದ್ದರಿಂದ ಅದರ ತಾರೀಖು ನಮ್ಮ ಹಬ್ಬಗಳಂತೆ ವರ್ಷವರ್ಷ ಓಡಾಡುವುದಿಲ್ಲ. ಅಂದು ಗ್ಯಾರೇಜುಗಳಿಗೆ ರಜೆ, ಆಕಾಶದ ತುಂಬ ಗಾಳಿಪಟ.

ಇನ್ನು ಬೀಗವನ್ನೇ ಸಾಕ್ಷಿಯಾಗಿ ಏಕೆ ಆರಿಸಿಕೊಂಡೆ, ಎಂಜಿನ್ನನ್ನೋ ಬ್ರೇಕನ್ನೋ ಏಕಲ್ಲ ಎಂಬುದಕ್ಕೆ ಕಾರಣ ಕೊಡಬೇಕು. ಬ್ರೇಕು ಕೆಟ್ಟರೆ ರಿಪೇರಿ ಮಾಡಿಸಲೇಬೇಕು, ಕಾನೂನು ಬಿಡುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಟ್ಯಾಕ್ಸಿಯಂಥ ಬಾಡಿಗೆ ವಾಹನಗಳ ಅರ್ಹತಾ ಪತ್ರಕ್ಕೆ 62ನೆಯ ನಿಯಮವಿದೆ. ಹೆಡ್‌ಲ್ಯಾಂಪಿನ ಬೆಳಕು, ಪ್ರತಿಫಲಕ, ಹಿನ್ನೋಟದ ಕನ್ನಡಿ, ಹಾರ್ನ್, ಸೈಲೆನ್ಸರ್, ವೈಪರ್, ಹೊಗೆ, ಬ್ರೇಕ್, ಸ್ಪೀಡೋಮೀಟರ್, ಸ್ಟೀರಿಂಗ್ ಎಲ್ಲವನ್ನೂ ಪರೀಕ್ಷಿಸಬೇಕೆಂದು ಅದು ಹೇಳುತ್ತದೆ. ಡಿಕ್ಕಿ ಬೀಗದ ಹೆಸರಿಲ್ಲ. ಬೀಗ ಕೆಟ್ಟ ಟ್ಯಾಕ್ಸಿ ಕಾನೂನಿನ ಕಣ್ಣಿಗೆ ಸರ್ವಾಂಗ ಸುಂದರ. ಹೀಗಿದ್ದೂ ಚಾಲಕರು ಕೈಯಿಂದ ಕಾಸು ಹಾಕಿ ಅದನ್ನು ಸರಿಮಾಡಿಸಿದರು. ಇನ್‌ಸ್ಪೆಕ್ಟರ್ ಹೇಳದಿದ್ದರೂ ಹೌರಾದ ಸಾಲಿನಲ್ಲಿ ಪೆಟ್ಟಿಗೆ ಹಿಡಿದು ನಿಂತ ಪ್ರಯಾಣಿಕ ಹೇಳುತ್ತಿದ್ದ, ಬಾಯಿಂದಲ್ಲದಿದ್ದರೆ ಹಿಂದಿನ ಟ್ಯಾಕ್ಸಿಯತ್ತ ನಡೆದು. ಆದ್ದರಿಂದ ಈ ಬೀಗದ ರಿಪೇರಿ ಯಾರ ಬಲವಂತವೂ ಇಲ್ಲದೆ, ರಸ್ತೆಯ ವ್ಯವಹಾರದಿಂದಲೇ ಹುಟ್ಟಿದ್ದು. ರಿಪೇರಿಯ ಸಂಸ್ಕೃತಿ ಇತ್ತೋ ಇಲ್ಲವೋ ಎಂದು ತಿಳಿಯಲು ಕಾನೂನು ಕಣ್ಣುಮುಚ್ಚಿದ ಜಾಗವನ್ನೇ ನೋಡಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಇದೆಲ್ಲ ಲೈಸೆನ್ಸ್ ರಾಜ್ಯದ ಕರ್ಮಫಲ, ಬೇರೆ ಕಾರು ಸಿಗುತ್ತಿರಲಿಲ್ಲ, ಆದ್ದರಿಂದ ಕೆಟ್ಟದ್ದನ್ನೇ ರಿಪೇರಿ ಮಾಡಿಕೊಂಡರು, ಅದಕ್ಕೆ ಕಲೆ ಎಂಬ ಹೆಸರೇಕೆ ಎಂದು ಅರ್ಥಶಾಸ್ತ್ರ ಓದಿದವರು ಕೇಳುತ್ತಾರೆ. ಪೂರ್ವಾರ್ಧ ನಿಜ. ಬರೀ ಜೋಡಿಸಿ ಮಾರುವುದು ಸಾಲದು, ಇಲ್ಲೇ ತಯಾರಿಸಬೇಕು ಎಂದು ಸರ್ಕಾರ ಪಟ್ಟು ಹಿಡಿದಾಗ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು 1950ರ ದಶಕದ ಮೊದಲರ್ಧದಲ್ಲೇ ಗಂಟುಕಟ್ಟಿ ಹೋದವು. ಉಳಿದದ್ದು ಉತ್ತರಪಾರಾದ ಹಿಂದೂಸ್ತಾನ್, ಮುಂಬೈಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಯಾರಿಗೆ ಯಾವ ಕಾರು ಯಾವಾಗ ಎಂಬುದಕ್ಕೂ 1959ರಲ್ಲಿ ಒಂದು ನಿಯಂತ್ರಣ ಆದೇಶ ಹೊರಟಿತು. ಕೊಳ್ಳುವವನು ಕಾಯುತ್ತಿರುವಾಗ ಮಾರುವವನಿಗೆ ಬೀಗದ ಚಿಂತೆ ಏಕೆ? ತಪ್ಪಿನ ಮೂಲ ಅಲ್ಲೇ ಇದೆ, ಒಪ್ಪಿದೆ. ಉತ್ತರಾರ್ಧ ಮಾತ್ರ ನಿಲ್ಲುವುದಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, 1991ರ ನಂತರ ಬಾಗಿಲೇ ತೆರೆಯಿತು. ಬೇರೆ ಕಾರಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಕೋಲ್ಕತ್ತದ ಟ್ಯಾಕ್ಸಿ ಸಾಲಿನಲ್ಲಿ ಅಂಬಾಸಿಡರ್ ಆಮೇಲೂ ಮೂವತ್ತು ವರ್ಷ ಮೆರೆಯಿತು. ಪರ್ಮಿಟ್ ನೀತಿಯ ಒಲವೂ ಅದರ ಪರವಾಗಿತ್ತೆನ್ನಿ. ಪರ್ಮಿಟ್ಟು ಕಾರನ್ನು ರಸ್ತೆಗೆ ಬಿಡಬಲ್ಲದು, ಅದರ ಡಿಕ್ಕಿಯನ್ನು ಮುಚ್ಚಲಾರದು. ಯಾವ ಗಲ್ಲಿಯಲ್ಲಿ ನಿಂತರೂ ರಿಪೇರಿಯಾಗುತ್ತದೆ, ಯಾವ ಭಾಗಕ್ಕೂ ಕಾಯಬೇಕಿಲ್ಲ ಎಂಬ ಭರವಸೆಯೇ ಚಾಲಕನನ್ನು ಅದಕ್ಕೆ ಕಟ್ಟಿಹಾಕಿದ್ದು. ಏಕಸ್ವಾಮ್ಯ ಕೆಟ್ಟ ಬೀಗಕ್ಕೆ ಕಾರಣ ಹೇಳುತ್ತದೆ, ಒಳ್ಳೆಯ ಬೀಗಗಾರನಿಗೆ ಹೇಳುವುದಿಲ್ಲ. ಸರ್ಕಾರಿ ಕಚೇರಿಯ ಟೆಲಿಫೋನೂ ಏಕಸ್ವಾಮ್ಯದ್ದೇ ಆಗಿತ್ತು. ಅದನ್ನು ರಿಪೇರಿ ಮಾಡುವ ಗಲ್ಲಿ ಎಲ್ಲೂ ಹುಟ್ಟಲಿಲ್ಲ, ಏಕೆಂದರೆ ಅದರ ಡಬ್ಬಿ ತೆರೆಯಲು ಯಾರಿಗೂ ಅಧಿಕಾರವಿರಲಿಲ್ಲ. ಅಂಬಾಸಿಡರನ್ನು ಯಾರೂ ತೆರೆಯಬಹುದಿತ್ತು.

ಎರಡನೆಯ ಆಕ್ಷೇಪ ಕಳ್ಳಮಾಲಿನದು. ಮಲ್ಲಿಕ್ ಬಜಾರಿನ ಹೆಸರು ಹೇಳಿದ ಕೂಡಲೇ ಕೋಲ್ಕತ್ತದ ಗೃಹಸ್ಥ ಹುಬ್ಬೇರಿಸುತ್ತಾನೆ. ಸಂಜೆ ಕದ್ದ ಕಾರು ಬೆಳಗಾಗುವುದರೊಳಗೆ ಅಲ್ಲಿ ಬಿಡಿಬಿಡಿಯಾಗಿ ಮಾರಾಟಕ್ಕಿರುತ್ತದೆ ಎಂಬ ಮಾತು ಆ ಊರಿನಲ್ಲಿ ಗಾದೆಯಷ್ಟೇ ಹಳತು. ಕಳ್ಳಮಾಲು ಬಂದೇ ಇಲ್ಲ ಎನ್ನುವುದು ಮೂರ್ಖತನ. ಆದರೆ ಇಡೀ ಕಸುಬಿಗೆ ಆ ಮಸಿ ಬಳಿಯುವ ಮೊದಲು ಒಂದು ಸಣ್ಣ ಲೆಕ್ಕ ಹಾಕಬೇಕು. ಹಳೆಯ ಡಿಕ್ಕಿ ಹಿಡಿಕೆಗಾಗಿ ಯಾರೂ ಕಾರು ಕದಿಯುವುದಿಲ್ಲ. ದಶಕಗಟ್ಟಲೆ ಓಡಿ ಸೋತ ಟ್ಯಾಕ್ಸಿಗಳು ತಾವಾಗಿ ಗುಜರಿಗೆ ಬರುತ್ತಿದ್ದವು, ಬೀಗ, ಬಿಜಾಗರಿ, ಬೀಡಿಂಗ್‌ಗಳಿಗೆ ಅದೇ ಗಣಿ. ಇದಕ್ಕಿಂತ ಚುರುಕಾದ ಆಕ್ಷೇಪ ಒಂದಿದೆ, ಅದನ್ನು ನಾನೇ ಎತ್ತಬೇಕು. ಮಸಿ ಹಿಡಿದ ಕೀಲಿಯಿಂದ ಏಳೆಂಟು ಸಲಕ್ಕೆ ತೆರೆಯುವ ಬೀಗ ಚಾಬಿವಾಲಾನಿಗೆ ತೆರೆದಂತೆ ಕಳ್ಳನಿಗೂ ತೆರೆಯುತ್ತದೆ. ಸವೆದ ಬೀಗಕ್ಕೆ ಸವೆದ ಯಾವ ಕೀಲಿಯಾದರೂ ಆದೀತು. ಒಂದು ಟ್ಯಾಕ್ಸಿಯ ಕೀಲಿ ಪಕ್ಕದ ಟ್ಯಾಕ್ಸಿಗೂ ಸಲ್ಲುವುದು ಹಳೆಯ ಕಾರುಗಳ ಲೋಕದಲ್ಲಿ ಅಪರೂಪದ ಸಂಗತಿಯಲ್ಲ. ನಿಜ. ರಿಪೇರಿ ಸುಲಭವಾಗಬೇಕಾದರೆ ಬೀಗ ದುರ್ಬಲವಾಗಿರಬೇಕು, ಬಲವಾದ ಬೀಗವನ್ನು ಬದಲಿಸಬಹುದೇ ಹೊರತು ಒಲಿಸಲಾಗದು. ಟ್ಯಾಕ್ಸಿಯ ಡಿಕ್ಕಿಗೆ ಬೇಕಾದದ್ದು ತಿಜೋರಿಯ ಭದ್ರತೆಯಲ್ಲ. ಪ್ರಯಾಣಿಕ ಕಾರಿನಲ್ಲೇ ಕೂತಿರುತ್ತಾನೆ, ಅವನ ಪೆಟ್ಟಿಗೆ ಅರ್ಧ ಗಂಟೆ ಒಳಗಿದ್ದು ಹೌರಾ ಸೇತುವೆ ದಾಟಿದರೆ ಸಾಕು. ಅಷ್ಟು ಕೆಲಸಕ್ಕೆ ಆ ಬೀಗ ತಕ್ಕದ್ದಾಗಿತ್ತು.

ನನಗೆ ಪೂರ್ತಿ ಉತ್ತರ ಕೊಡಲಾಗದ ಆಕ್ಷೇಪ ಮೂರನೆಯದು. ಈ ಕೌಶಲವೆಲ್ಲ ಅಗ್ಗದ ದುಡಿಮೆಯ ಮೇಲೆ ನಿಂತಿತ್ತು. ಅರ್ಧ ಗಂಟೆ ಕೂತು ತಟ್ಟೆ ಜರುಗಿಸುವುದು ಹೊಸ ಬೀಗಕ್ಕಿಂತ ಅಗ್ಗವಾಗಬೇಕಾದರೆ ಆ ಅರ್ಧ ಗಂಟೆಯ ಬೆಲೆ ಬಹಳ ಕಡಿಮೆ ಇರಬೇಕು. ಸ್ಪ್ಯಾನರ್ ಎತ್ತಿಕೊಡುವ, ಡೀಸೆಲ್ಲಿನಲ್ಲಿ ಕೊಕ್ಕೆ ತೊಳೆಯುವ, ಸಣ್ಣ ಕೈಯನ್ನು ಮುಚ್ಚಳದ ಒಳತಗಡಿನ ಸಂದಿಗೆ ತೂರಿಸುವ ಕೆಲಸಕ್ಕೆ ಹುಡುಗರಿದ್ದರು. ಕಲಿಕೆ ನಡೆಯುತ್ತಿದ್ದದ್ದೂ ಹಾಗೆಯೇ, ಶೋಷಣೆ ನಡೆಯುತ್ತಿದ್ದದ್ದೂ ಹಾಗೆಯೇ. 1986ರ ಬಾಲಕಾರ್ಮಿಕ ಕಾಯ್ದೆಯಡಿ ಮಕ್ಕಳನ್ನು ದುಡಿಸಬಾರದ ಕೆಲಸಗಳ ಪಟ್ಟಿಗೆ ಮೋಟಾರು ಗ್ಯಾರೇಜುಗಳು ಸೇರಿದ್ದು ಸರಿಯಾದದ್ದೇ. ಆ ಹುಡುಗರ ಬಾಲ್ಯವನ್ನು ಕಸುಬಿನ ಹೆಮ್ಮೆಯ ಖಾತೆಗೆ ಬರೆಯುವ ಹಕ್ಕು ನನಗಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಅಗ್ಗದ ದುಡಿಮೆ ದೇಶದ ತುಂಬ ಇತ್ತು, ಎಲ್ಲ ಕಡೆಯೂ ಅದರಿಂದ ಇಂಥ ಅರಿವು ಹುಟ್ಟಲಿಲ್ಲ. ಬಡತನ ಸಾಲದು, ಒಂದೇ ವಸ್ತು ದೀರ್ಘಕಾಲ ಕಣ್ಣೆದುರು ಇರಬೇಕು, ಅದನ್ನು ಬಿಚ್ಚಲು ಬಿಡಬೇಕು, ಬಿಡಿಭಾಗ ಹತ್ತಿರದಲ್ಲೇ ಸಿಗಬೇಕು. ಈ ಮೂರೂ ಕೂಡಿಬಂದದ್ದು ಕೋಲ್ಕತ್ತದಲ್ಲಿ. ಇಂದಿನ ಕಾರಿನ ಡಿಕ್ಕಿಗೆ ಮೋಟಾರಿದೆ, ಸ್ವಿಚ್ಚಿದೆ, ಬಿಜಾಗರಿಯ ಬಳಿ ಮಡಚಿ ಮಡಚಿ ಒಳಗೇ ತುಂಡಾಗುವ ಒಂದು ತೆಳು ತಂತಿಯಿದೆ. ಸರ್ವೀಸ್ ಸೆಂಟರಿನಲ್ಲಿ ಬೀಗವನ್ನು ಇಡಿಯಾಗಿ ಬದಲಿಸುತ್ತಾರೆ. ತುಂಡಾದದ್ದು ತಂತಿ ಮಾತ್ರ ಎಂದು ಹೇಳುವವನು ಸಿಕ್ಕಿದರೆ ಗ್ರಾಹಕನ ಪುಣ್ಯ.

ಕೊನೆಗೆ ಅಂಬಾಸಿಡರನ್ನು ರಸ್ತೆಯಿಂದ ಇಳಿಸಿದ್ದೇನು ಎಂಬ ಪ್ರಶ್ನೆ. ಕಾರ್ಖಾನೆ ಮುಚ್ಚಿದ್ದರಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 1980ರ ದಶಕದ ನಡುವೆ ವರ್ಷಕ್ಕೆ 24,000ದಷ್ಟು ಮಾರಾಟವಾಗುತ್ತಿದ್ದ ಕಾರು 2013-14ರ ವೇಳೆಗೆ 2,200ರ ಆಸುಪಾಸಿಗೆ ಇಳಿದಿತ್ತು. 2014ರ ಮೇ 24ರಂದು ಉತ್ತರಪಾರಾದಲ್ಲಿ ಕೆಲಸ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೊ ಪಾಲಾಯಿತು. ಕಾರ್ಖಾನೆ ಮುಚ್ಚಿದ ಮರುದಿನವೂ ಟ್ಯಾಕ್ಸಿಗಳು ಓಡಿದವು, ಹತ್ತು ವರ್ಷದ ನಂತರವೂ ಓಡಿದವು. ಇದೇ ಚರಿತ್ರೆ ಮುಂಬೈಯಲ್ಲೂ ನಡೆದಿದೆ. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲೇ ನಿಂತಿತ್ತು; ಅಲ್ಲಿನ ಕೊನೆಯ ಕಪ್ಪು-ಹಳದಿ ಪದ್ಮಿನಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ, ನೋಂದಣಿಯಾಗಿ 20 ವರ್ಷ ತುಂಬಿದಾಗ. ಕೋಲ್ಕತ್ತದಲ್ಲಿ ಮಿತಿ ಇನ್ನೂ ಬಿಗಿ: ಕಲ್ಕತ್ತ ಹೈಕೋರ್ಟ್ 2008ರಲ್ಲಿ ಕೊಟ್ಟ ಆದೇಶದಂತೆ 15 ವರ್ಷ ದಾಟಿದ ಬಾಡಿಗೆ ವಾಹನಗಳು ಮಹಾನಗರದಲ್ಲಿ ಓಡುವಂತಿಲ್ಲ. ಹೊಗೆಯಿಂದ ಕೆಮ್ಮುವ ನಗರಕ್ಕೆ ಆ ಆದೇಶ ಬೇಕಾಗಿತ್ತು, ಅದರ ವಿರುದ್ಧ ನನ್ನ ತಕರಾರಿಲ್ಲ. ಆದರೆ ಚರಿತ್ರೆಯಲ್ಲಿ ಕಾರಣವನ್ನು ಸರಿಯಾಗಿ ಬರೆಯಬೇಕು. ಎರಡೂ ಊರುಗಳಲ್ಲಿ ಕಾರನ್ನು ನಿಲ್ಲಿಸಿದ್ದು ಕ್ಯಾಲೆಂಡರ್. ಬಿಡಿಭಾಗವಿಲ್ಲದೆ, ರಿಪೇರಿ ಮಾಡುವವರಿಲ್ಲದೆ ಅದು ನಿಂತದ್ದಲ್ಲ.

ಉತ್ತರಪಾರಾದಿಂದ 2014ರಲ್ಲಿ ಹೊರಬಿದ್ದ ಕೊನೆಯ ಟ್ಯಾಕ್ಸಿಗಳಿಗೆ 15 ವರ್ಷ ತುಂಬುವುದು 2029ರಲ್ಲಿ. ಕೋಲ್ಕತ್ತದ ಗುರುಸದಯ ರಸ್ತೆಯಲ್ಲಿ ಬಿರ್ಲಾ ಮನೆತನ ಬಿಟ್ಟುಕೊಟ್ಟ ಜಾಗದಲ್ಲಿ 1959ರಿಂದ ಒಂದು ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವಿದೆ. ಅಲ್ಲಿನವರಲ್ಲಿ ಒಂದು ಕೋರಿಕೆ: ಅಂಬಾಸಿಡರ್ ಇಡುವುದಾದರೆ ಹೊಸ ಬಣ್ಣ ಬಳಿದು ಮಿರುಗಿಸಿ ಇಡಬೇಡಿ. ಅಥವಾ ಅದನ್ನೂ ಇಡಿ, ಪಕ್ಕದಲ್ಲಿ ಓಡಿ ದಣಿದ ಟ್ಯಾಕ್ಸಿಯ ಒಂದು ಡಿಕ್ಕಿ ಮುಚ್ಚಳವನ್ನು ಮಗುಚಿ, ಒಳಮೈ ಕಾಣುವಂತೆ ತೂಗುಹಾಕಿ. ತಂತಿ, ವಾಷರ್, ಜೋಡಿಯಿಲ್ಲದ ಸ್ಕ್ರೂ ಯಾವುದನ್ನೂ ತೆಗೆಯಬೇಡಿ. ಹಗ್ಗವಿದ್ದರೆ ಅದೂ ಇರಲಿ.